ಎರೆಯ ಬಿರುಕು, ಮಡ್ಡಿಯ ಕಲ್ಲು

ಮಿರಗದ ಮಳೆಗೆ ಇನ್ನೂ ಒಂದೆರಡು ವಾರ ಇರುವಾಗ ವಿಜಯಪುರದ ನೆಲ ಹಗಲಿಡೀ ಕಾದಿರುತ್ತದೆ. ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ದನ ನೆರಳು ಬಿಟ್ಟು ಕದಲುವುದಿಲ್ಲ, ಹೊಲದಲ್ಲಿ ನರಪಿಳ್ಳೆ ಕಾಣುವುದಿಲ್ಲ. ಸಂಜೆ ಏಳರ ಹೊತ್ತಿಗೆ ಗಾಳಿ ತಂಪಾಗತೊಡಗಿದರೂ ಅಥಣಿ ರಸ್ತೆಯ ಡಾಂಬರಿಗೆ ಅಂಗೈ ಊರಿದರೆ ಹಗಲಿನ ಕಾವು ಇನ್ನೂ ಅಲ್ಲೇ ಇರುತ್ತದೆ. ಹಾವು ಹುಡುಕುವವರು ಮನೆ ಬಿಟ್ಟು ಹೊರಡುವುದು ಆ ಹೊತ್ತಿನಲ್ಲೇ.

ಹಾವಿನ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನ ನೆಲ, ಕಲ್ಲು, ಗಾಳಿಯಿಂದ ಅದನ್ನು ಪಡೆಯಬೇಕು, ಮಿತಿ ಮೀರಿದರೆ ಅಲ್ಲಿಂದ ತಪ್ಪಿಸಿಕೊಳ್ಳಬೇಕು. ಮೈಯ ಉಷ್ಣತೆ ನಲವತ್ತು ಡಿಗ್ರಿ ಮೀರಿದರೆ ಬಹುತೇಕ ಹಾವುಗಳ ಜೀವಕ್ಕೇ ಅಪಾಯ. ಆದ್ದರಿಂದ ಬೇಸಿಗೆಯಲ್ಲಿ ಅವು ಹಗಲನ್ನು ಬಿಲದಲ್ಲೋ ಕಲ್ಲಿನ ಅಡಿಯಲ್ಲೋ ಕಳೆದು, ರಾತ್ರಿಯ ಮೊದಲ ಜಾವದಲ್ಲಿ ಹೊರಬೀಳುತ್ತವೆ. ರಸ್ತೆ ದಾಟುವಾಗ ಅವುಗಳಿಗೆ ಮರೆ ಇರುವುದಿಲ್ಲ. ಹೊಲದಲ್ಲಿ ಎರಡು ಅಡಿ ದೂರದಲ್ಲಿದ್ದರೂ ಕಣ್ಣಿಗೆ ಬೀಳದ ಪ್ರಾಣಿ ಬರಿದಾದ ರಸ್ತೆಯಲ್ಲಿ ಗಾಡಿಯ ದೀಪಕ್ಕೆ ಥಟ್ಟನೆ ಕಾಣುತ್ತದೆ.

ಈ ಸರಳ ಸಂಗತಿಯನ್ನು ವಿಜ್ಞಾನದ ವಿಧಾನವಾಗಿ ಮಾಡಿದವರು ಅಮೆರಿಕದ ಲಾರೆನ್ಸ್ ಕ್ಲಾಬರ್. ವೃತ್ತಿಯಲ್ಲಿ ಅವರು ಸ್ಯಾನ್ ಡಿಯೇಗೊದ ವಿದ್ಯುತ್ ಕಂಪನಿಯೊಂದರ ಎಂಜಿನಿಯರು. 1920ರ ದಶಕದಿಂದ ಮರುಭೂಮಿಯ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸುತ್ತ, ಕಂಡ ಪ್ರತಿ ಹಾವಿನ ಜಾತಿ, ಹೊತ್ತು, ಜಾಗ, ಗಾಳಿಯ ಉಷ್ಣತೆಗಳನ್ನು ಬರೆದಿಡುತ್ತ ಹೋದರು. 1939ರಲ್ಲಿ ಆ ಲೆಕ್ಕವೆಲ್ಲ ಅಚ್ಚಾಯಿತು. ಅಲ್ಲಿಯವರೆಗೆ ಬಲು ಅಪರೂಪ ಎಂದುಕೊಂಡಿದ್ದ ಕೆಲವು ಹಾವುಗಳು ಆ ಮರುಭೂಮಿಯಲ್ಲಿ ಧಾರಾಳವಾಗಿದ್ದವು! ಹಗಲು ಹುಡುಕಿದವರಿಗೆ ಅವು ಸಿಕ್ಕಿರಲಿಲ್ಲ ಅಷ್ಟೇ.

ವಿಜಯಪುರ ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಸೀಮೆಯನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಇಲ್ಲಿ 600 ಮಿಲಿಮೀಟರಿನ ಆಸುಪಾಸು ಬೀಳುತ್ತದೆ. ಆದರೆ ಅದು ಹಂಚಿ ಬೀಳುವುದಿಲ್ಲ; ವರ್ಷದ ಹೆಚ್ಚಿನ ತಿಂಗಳು ನೆಲ ಒಣಗಿಯೇ ಇರುತ್ತದೆ. ಕರ್ನಾಟಕದಲ್ಲಿ ಮರುಭೂಮಿಯ ಬದುಕಿಗೆ ಹತ್ತಿರವಾದದ್ದನ್ನು ನೋಡಬೇಕೆಂದರೆ ಈ ಸೀಮೆಗೂ ಬರಬಹುದು.

ಇಲ್ಲಿ ಹಾವು ಹುಡುಕುವವರು ಮೊದಲು ನೆಲವನ್ನು ಓದಲು ಕಲಿಯಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾಗಿ ದಖ್ಖನ್ನಿನ ಈ ಕಪ್ಪು ಬಂಡೆ ಆಗಿದೆ. ಅದು ಸವೆದು ಎರಡು ಬಗೆಯ ನೆಲ ಕೊಟ್ಟಿತು. ತಗ್ಗಿನಲ್ಲಿ, ಹಳ್ಳ-ಹೊಳೆಗಳ ಮಗ್ಗುಲಲ್ಲಿ ಆಳವಾಗಿ ಕೂತದ್ದು ಎರೆ. ದಿಬ್ಬದ ಮೇಲೆ ಗೇಣುದ್ದ ಮಣ್ಣೂ ಇಲ್ಲದೆ ಕಲ್ಲು, ಗರಸು ಎದ್ದು ಕಾಣುವುದು ಮಡ್ಡಿ. ರೈತನಿಗೆ ಎರೆ ಎಂದರೆ ಬಿಳಿಜೋಳ, ಕಡಲೆ, ಕುಸುಬಿ; ಮಡ್ಡಿ ಎಂದರೆ ಕುರಿ ಮೇಯಿಸುವ ಜಾಗ. ಹಾವುಗಳೂ ಹಾಗೆಯೇ ಪಾಲು ಮಾಡಿಕೊಂಡಿವೆ. ಕಾಲ ಕೆಳಗಿನ ನೆಲ ಯಾವುದು ಎಂದು ಗೊತ್ತಾದರೆ ಎದುರಾಗಬಹುದಾದ ಹಾವು ಯಾವುದು ಎಂದು ಅರ್ಧ ಹೇಳಿದಂತೆಯೇ.

ಊರು ಬಿಟ್ಟು ಕೆಲವೇ ಕಿಲೋಮೀಟರಿಗೆ ತೊರವಿ ಬರುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಿಸಲು ತೊಡಗಿದ್ದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಗೋಡೆಗಳು, ವಿಜಯಪುರಕ್ಕೆ ನೀರು ಸಾಗಿಸಿದ ಸುರಂಗ ಬಾವಡಿ ಈಗಲೂ ಉಳಿದಿವೆ. ಗಾರೆ ಉದುರಿದ ಹಳೆಯ ಗೋಡೆ ಎಂದರೆ ಹಲ್ಲಿ, ಇಲಿ, ಬಾವಲಿಗಳ ವಾಸ. ಅವು ಇದ್ದಲ್ಲಿ ನಾಗರವೂ ಕೇರೆಯೂ ಇರುತ್ತವೆ. ನಾಗರಹಾವು ಸ್ವಂತ ಬಿಲ ತೋಡುವುದಿಲ್ಲ. ಇಲಿ ತೋಡಿದ್ದನ್ನೋ ಗೆದ್ದಲು ಕಟ್ಟಿದ್ದನ್ನೋ ಮನುಷ್ಯ ಬಿಟ್ಟು ಹೋದ ಗೋಡೆಯ ಸಂದನ್ನೋ ಆರಿಸಿಕೊಳ್ಳುತ್ತದೆ. ನಾಗರವನ್ನು ಎಲ್ಲರೂ ಬಲ್ಲರು. ಹುಡುಕಾಟದ ಗಮ್ಮತ್ತು ಇರುವುದು ಮುಂದಿನ ಮಡ್ಡಿಯಲ್ಲಿ.

ತೊರವಿ ದಾಟಿ ತಿಕೋಟಾದ ಕಡೆಗೆ ಹೋದಂತೆ ದ್ರಾಕ್ಷಿ ಪಡಗಳ ನಡುನಡುವೆ ಇನ್ನೂ ನೇಗಿಲು ತಾಕದ ಮಡ್ಡಿಯ ತುಣುಕುಗಳು ಸಿಗುತ್ತವೆ. ಜಾಲಿ, ಕಾರೆಮುಳ್ಳು, ಒಣಹುಲ್ಲು, ಚದುರಿ ಬಿದ್ದ ಕಲ್ಲು. ಗರಗಸ ಮಂಡಲ ಇಂಥ ಜಾಗದ ಹಾವು. ವಿಜ್ಞಾನದ ಹೆಸರು ಎಕಿಸ್ ಕ್ಯಾರಿನೇಟಸ್. ಉದ್ದ ಸಾಮಾನ್ಯವಾಗಿ ಒಂದೆರಡು ಅಡಿ. ದಕ್ಷಿಣದಲ್ಲಿ ಇನ್ನೂ ಚಿಕ್ಕದು. ಬಣ್ಣ ಕಂದು, ಬೆನ್ನ ಮೇಲೆ ಮಾಸಿದ ಬಿಳಿ ಮಚ್ಚೆ, ಎರಡೂ ಮಗ್ಗುಲಲ್ಲಿ ಅಲೆಯಾಗಿ ಹರಿದ ತೆಳು ಗೆರೆ. ಗರಸಿನ ಮೇಲೆ ಕೂತರೆ ಅದೂ ಗರಸೇ. ಕುರಿಗಾಹಿ ಹುಡುಗರು ಇದಕ್ಕೆ ಅಂಜುವುದು ಅದಕ್ಕೇ.

ಹೆದರಿದರೆ ಇದು ಓಡುವುದಿಲ್ಲ. ಮೈಯನ್ನು ಮಡಿಕೆ ಮಡಿಕೆಯಾಗಿ ಸುತ್ತಿಕೊಂಡು, ಆ ಮಡಿಕೆಗಳನ್ನು ಒಂದಕ್ಕೊಂದು ತಿಕ್ಕುತ್ತದೆ. ಆಗ ಕಾದ ಎಣ್ಣೆಗೆ ಹಸಿಹಿಟ್ಟು ಬಿಟ್ಟಂಥ ಸದ್ದು ಏಳುತ್ತದೆ. ಬಾಯಿ ತೆರೆದು ಬುಸುಗುಟ್ಟಿದ್ದಲ್ಲ, ಅದು ಚರ್ಮದ ಸದ್ದು. ಮಗ್ಗುಲಿನ ಹುರುಪೆಗಳು ಓರೆಯಾಗಿ ಜೋಡಿಸಿಕೊಂಡಿವೆ. ಒಂದೊಂದರ ನಡುವೆಯೂ ಏಣು, ಆ ಏಣಿಗೆ ಗರಗಸದ ಹಲ್ಲಿನಂಥ ಕಚ್ಚು. ಬುಸುಗುಟ್ಟಿದರೆ ಉಸಿರಿನ ಜೊತೆ ಮೈಯ ನೀರೂ ಆವಿಯಾಗಿ ಹೋಗುತ್ತದೆ, ಅದನ್ನು ಉಳಿಸಿಕೊಳ್ಳಲೆಂದೇ ಚರ್ಮದ ಸದ್ದು ಬೆಳೆದುಬಂದಿರಬಹುದು ಎಂಬುದು ವಿಜ್ಞಾನಿಗಳ ತರ್ಕ. ನೀರಿಲ್ಲದ ಸೀಮೆಯಲ್ಲಿ ಬೆದರಿಕೆ ಹಾಕುವುದಕ್ಕೂ ನೀರಿನ ಲೆಕ್ಕ ಇಡಬೇಕು.

ಆ ಲೆಕ್ಕ ಹಾವಿನ ಮೈಯಲ್ಲೆಲ್ಲ ಇದೆ. ಚರ್ಮದ ಪದರಗಳ ನಡುವಿನ ಕೊಬ್ಬಿನಂಶ ನೀರು ಆವಿಯಾಗದಂತೆ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಆ ಕೊಬ್ಬನ್ನು ತೆಗೆದು ನೋಡಿದಾಗ ಚರ್ಮದ ಮೂಲಕ ನೀರು ಹಲವು ಪಟ್ಟು ಬೇಗ ಸೋರಿತು. ಹಾವಿನ ಮೂತ್ರವೂ ನಮ್ಮಂತೆ ನೀರಾಗಿ ಹೋಗದೆ, ಯೂರಿಕ್ ಆಮ್ಲದ ಬಿಳಿ ಮುದ್ದೆಯಾಗಿ ಬೀಳುತ್ತದೆ. ಊಟದ ಅವಸರವೂ ಇಲ್ಲ. ಇಲಿಯನ್ನೋ ಹಲ್ಲಿಯನ್ನೋ ನುಂಗಿದರೆ ಮಂಡಲದ ಜಾತಿಯ ಹಾವು ವಾರಗಟ್ಟಲೆ ಸುಮ್ಮನಿರಬಲ್ಲದು.

ಗರಗಸ ಮಂಡಲದ ನಡಿಗೆಯನ್ನು ನೋಡಲೇಬೇಕು. ತಲೆ ಒಂದು ಕಡೆಗಿರುತ್ತದೆ, ಮೈ ಇನ್ನೊಂದು ಕಡೆಗೆ ಸಾಗುತ್ತದೆ. ಮೈಯ ಸ್ವಲ್ಪ ಭಾಗ ಮಾತ್ರ ನೆಲಕ್ಕೆ ತಾಗಿದ್ದು ಉಳಿದದ್ದು ಮೇಲೆದ್ದಿರುವುದರಿಂದ ಸಡಿಲ ಮಣ್ಣಿನಲ್ಲಿ ಜಾರುವುದಿಲ್ಲ. ಅಮೆರಿಕದ ಮರುಭೂಮಿಯ ಒಂದು ಬುಡುಬುಡಿಕೆ ಹಾವಿಗೂ ಇದೇ ನಡಿಗೆ ಇದೆ. ಎರಡೂ ಬೇರೆ ಬೇರೆ ಖಂಡಗಳಲ್ಲಿ ಈ ನಡಿಗೆಯನ್ನು ಪ್ರತ್ಯೇಕವಾಗಿ ಬೆಳೆಸಿಕೊಂಡವು. 2014ರಲ್ಲಿ ಅಮೆರಿಕದ ಸಂಶೋಧಕರು ಆ ಬುಡುಬುಡಿಕೆ ಹಾವನ್ನು ಮರಳಿನ ಇಳಿಜಾರಿನಲ್ಲಿ ಹತ್ತಿಸಿ ಅಭ್ಯಾಸ ಮಾಡಿದರು. ಏರು ಕಡಿದಾದಷ್ಟೂ ಹಾವು ನೆಲಕ್ಕೆ ತಾಗಿಸುವ ಮೈಯ ಉದ್ದವನ್ನು ಹೆಚ್ಚಿಸುತ್ತ ಹೋಗುತ್ತದೆ ಎಂದು ತಿಳಿಯಿತು. ಅದೇ ಸೂತ್ರ ಅಳವಡಿಸಿದ ಮೇಲೆ ಅವರ ಹಾವಿನಾಕಾರದ ರೋಬೋ ಕೂಡ ಮರಳು ದಿಬ್ಬ ಹತ್ತಿತು.

ಗರಗಸ ಮಂಡಲ ತಿನ್ನುವುದರಲ್ಲಿ ಚೇಳು, ಜರಿಗಳ ಪಾಲು ದೊಡ್ಡದು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಕಿಸ್ ಕುಲದ ಬೇರೆ ಬೇರೆ ಹಾವುಗಳ ವಿಷವನ್ನು ಚೇಳುಗಳ ಮೇಲೆ ಪ್ರಯೋಗಿಸಿ ನೋಡಿತು. ಚೇಳು, ಜರಿ ತಿನ್ನುವ ಜಾತಿಗಳ ವಿಷ ಚೇಳನ್ನು ಬೇಗ ಕೊಲ್ಲುತ್ತಿತ್ತು; ಹೆಚ್ಚಾಗಿ ಇಲಿ, ಹಲ್ಲಿ ತಿನ್ನುವ ಜಾತಿಯ ವಿಷಕ್ಕೆ ಆ ಚುರುಕು ಇರಲಿಲ್ಲ. ಹಾವಿನ ವಿಷ ಮೊದಲಿಗೆ ಅದರ ಊಟದ ಸಲಕರಣೆ. ಮನುಷ್ಯನ ಕಾಲು ಅದರ ಲೆಕ್ಕದಲ್ಲೇ ಇಲ್ಲ, ನಡುವೆ ಅಡ್ಡ ಬರುತ್ತದೆ ಅಷ್ಟೇ.

ಅಡ್ಡ ಬಂದಾಗ ಆಗುವ ಅನಾಹುತ ಮಾತ್ರ ದೊಡ್ಡದು. ಈ ವಿಷದಲ್ಲಿರುವ ಎಕಾರಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟುವ ಯಂತ್ರವನ್ನು ಒಮ್ಮೆಗೇ ಚಾಲೂ ಮಾಡಿಬಿಡುತ್ತದೆ. ಮೈಯಲ್ಲಿದ್ದ ಹೆಪ್ಪುಗಟ್ಟಿಸುವ ಸಾಮಗ್ರಿಯೆಲ್ಲ ಖರ್ಚಾಗಿ ಹೋದ ಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ವಸಡಿನಿಂದ, ಹಳೆಯ ಗಾಯದಿಂದ, ಕೆಲವೊಮ್ಮೆ ಮಿದುಳಿನೊಳಗೆ ರಕ್ತ ಸೋರುತ್ತದೆ. ಇದನ್ನು ಪತ್ತೆ ಹಚ್ಚಲು ದುಬಾರಿ ಯಂತ್ರ ಬೇಕಾಗಿಲ್ಲ. ಒಣಗಿದ, ಸ್ವಚ್ಛ ಗಾಜಿನ ಕೊಳವೆಗೆ ರೋಗಿಯ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಓರೆ ಮಾಡಿ ನೋಡುತ್ತಾರೆ. ರಕ್ತ ಇನ್ನೂ ನೀರಾಗಿ ಹರಿದರೆ ಪ್ರತಿವಿಷ ಕೊಡಲು ಅಷ್ಟು ಸಾಕು. ಚಿಕ್ಕ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು.

ಇದೇ ವಿಷದಿಂದ ಔಷಧವೂ ಹುಟ್ಟಿದೆ. ಇದರಲ್ಲಿ ಎಕಿಸ್ಟಾಟಿನ್ ಎಂಬ ಚಿಕ್ಕ ಪ್ರೋಟೀನು ಇದೆ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ ಟಿರೋಫಿಬಾನ್ ಎಂಬ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರೋಗಿಗಳಿಗೆ ಅದನ್ನು ಕೊಡುತ್ತಾರೆ. ಕುರಿಗಾಹಿ ಕಲ್ಲೆತ್ತಿ ಕೊಲ್ಲುವ ಹಾವಿನ ವಿಷವೇ ಮಾದರಿಯಾದ ಔಷಧ ಹೃದ್ರೋಗದ ವಾರ್ಡಿನಲ್ಲಿ ಜೀವ ಉಳಿಸುತ್ತಿದೆ ಎಂಬುದನ್ನು ಈ ಸೀಮೆಯ ಶಾಲೆಗಳಲ್ಲಿ ಹೇಳಿಕೊಡಬೇಕು.

ಹಾವು ಕೊಲ್ಲುವುದರಲ್ಲಿ ಸರಕಾರವೇ ಮುಂದೆ ನಿಂತ ಕಾಲವೂ ಇತ್ತು. ವಿಜಯಪುರ ಆಗ ಸೇರಿದ್ದ ಮುಂಬೈ ಪ್ರಾಂತದ ರತ್ನಾಗಿರಿ ಜಿಲ್ಲೆಯಲ್ಲಿ, ಹತ್ತೊಂಬತ್ತನೇ ಶತಮಾನದಲ್ಲಿ, ತಂದುಕೊಟ್ಟ ಗರಗಸ ಮಂಡಲಕ್ಕೆ ಬಹುಮಾನ ಕೊಡುತ್ತಿದ್ದರು. ಜನ ಲಕ್ಷಗಟ್ಟಲೆ ಹಾವು ಕೊಂದು ತಂದರು. ಕೊಂಕಣದ ಆ ಗುಡ್ಡಗಳಲ್ಲಿ ಈ ಹಾವು ಇಂದಿಗೂ ಇದೆ, ಕಡಿತವೂ ನಿಂತಿಲ್ಲ.

ತಿಕೋಟಾದಲ್ಲಿ ನೆಲದ ಚಹರೆಯೇ ಬದಲಾಗಿದೆ. ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ. ಅದರಲ್ಲಿ ಈ ತಾಲೂಕಿನ ಹೆಸರು ದೊಡ್ಡದು. ಸಾಲು ಸಾಲು ಪಡ, ಹನಿ ನೀರಾವರಿಯ ಪೈಪು, ಕೃಷಿಹೊಂಡ, ಒಣದ್ರಾಕ್ಷಿ ಮಾಡುವ ಶೆಡ್ಡು. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ಕೆರೆಗಳೂ ತುಂಬುತ್ತಿವೆ. ಬರಗಾಲ ಕಂಡ ಜನಕ್ಕೆ ಇದು ಎಂಥ ಸಮಾಧಾನ ಎಂದು ಹೇಳಬೇಕಿಲ್ಲ. ಆದರೆ ನೀರು ಬಂದಲ್ಲಿ ಕಪ್ಪೆ ಬರುತ್ತದೆ, ಬೆಳೆ ಬಂದಲ್ಲಿ ಇಲಿ ಬರುತ್ತದೆ, ಅವುಗಳ ಬೆನ್ನಿಗೆ ಕೇರೆ, ನಾಗರ, ಕೊಳಕುಮಂಡಲಗಳು ಬರುತ್ತವೆ. ಮಡ್ಡಿಯನ್ನು ಜೆಸಿಬಿಯಿಂದ ಸಮ ಮಾಡಿದಲ್ಲಿ ಗರಗಸ ಮಂಡಲಕ್ಕೆ ಜಾಗ ಉಳಿಯುವುದಿಲ್ಲ. ಹಾವು ಕಡಿಮೆಯಾಗುತ್ತವೆ ಎಂದಲ್ಲ, ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅಜ್ಜನಿಗೆ ಗೊತ್ತಿದ್ದ ಹಾವೇ ಬೇರೆ, ಇಂದು ಮೊಮ್ಮಗ ನೀರು ಹಾಯಿಸಲು ಹೋದಾಗ ಎದುರಾಗುವ ಹಾವೇ ಬೇರೆ.

ತಿಕೋಟಾದಿಂದ ದಕ್ಷಿಣಕ್ಕೆ ಹೊರಳಿ ಬಬಲೇಶ್ವರದ ಕಡೆ ಇಳಿದರೆ ಎರೆಯ ಸೀಮೆ. ಮುಂದೆ ಸಾರವಾಡದ ಹತ್ತಿರ ಡೋಣಿ ನದಿ ಹರಿಯುತ್ತದೆ. ಅದರ ಎರಡೂ ದಂಡೆಯ ಎರೆ ಬಿಳಿಜೋಳಕ್ಕೆ ಹೆಸರುವಾಸಿ. ಈ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಬಾಯಿ ಬಿಟ್ಟಾಗ ಬಿರುಕಿನೊಳಗೆ ತೋಳು ಇಳಿಸಬಹುದು. ಮೇಲೆ ಬೆಂಕಿಯಂಥ ಬಿಸಿಲಿದ್ದರೂ ಆಳದಲ್ಲಿ ತಂಪು, ಒಂದಿಷ್ಟು ಪಸೆ. ಇಲಿ, ಕಪ್ಪೆ, ಚೇಳು, ಹಾವು ಎಲ್ಲಕ್ಕೂ ಅದೇ ಬೇಸಿಗೆಯ ಮನೆ. ಮೊದಲ ದೊಡ್ಡ ಮಳೆಗೆ ಎರೆ ಉಬ್ಬಿ ಬಿರುಕು ಮುಚ್ಚತೊಡಗಿದಾಗ ಒಳಗಿದ್ದವು ಮೇಲೆ ಬರಲೇಬೇಕು. ಬಿತ್ತುವ ಹಂಗಾಮಿಗೆ ರೈತ ಹೊಲಕ್ಕಿಳಿಯುವುದೂ ಆಗಲೇ.

ಎರೆಯಲ್ಲಿ ಮೊದಲು ನೆನಪಿಡಬೇಕಾದದ್ದು ಕೊಳಕುಮಂಡಲ. ದಪ್ಪ ಮೈ, ಬೆನ್ನ ಮೇಲೆ ಸರಪಳಿಯ ಹಾಗೆ ಸಾಲಾದ ಕಂದು ಮಚ್ಚೆ, ತಿಕೋನ ತಲೆ. ಕೇರೆಯಂತೆ ಅಲೆದು ಬೇಟೆಯಾಡದೆ ಒಡ್ಡಿನ ಹುಲ್ಲಲ್ಲೋ ಕಣಕಿಯ ಬಣವಿಯ ಬುಡದಲ್ಲೋ ಇಲಿ ಬರುವ ದಾರಿಯಲ್ಲಿ ಕಾದು ಕೂರುತ್ತದೆ. ತುಳಿಯುವವರೆಗೂ ಕದಲದಿರುವುದೇ ಅಪಾಯ. ಇದು ಮೊಟ್ಟೆ ಇಡದೆ ಮರಿಗಳನ್ನೇ ಹಾಕುತ್ತದೆ, ಒಂದು ಸೂಲಿಗೆ ಇಪ್ಪತ್ತು, ಮೂವತ್ತು, ಅದಕ್ಕೂ ಹೆಚ್ಚು. ಇದರ ವಿಷ ರಕ್ತದ ಜೊತೆ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಇದನ್ನೇ ಹೋಲುವ, ವಿಷವಿಲ್ಲದ ಮಣ್ಣುಮುಕ್ಕವೂ ಇದೇ ಹೊಲಗಳಲ್ಲಿದೆ: ಗಿಡ್ಡ ಮೈ, ಒರಟು ಬಾಲ, ಬೆನ್ನಲ್ಲಿ ಅಡ್ಡಾದಿಡ್ಡಿ ಮಚ್ಚೆ. ಮಣ್ಣುಮುಕ್ಕ ಎಂದುಕೊಂಡು ಮಂಡಲಕ್ಕೆ ಕೈ ಹಾಕಿದವರ ಗತಿ ಎಲ್ಲ ಊರಿನ ಆಸ್ಪತ್ರೆಗೂ ಗೊತ್ತಿದೆ.

ಮಣ್ಣುಮುಕ್ಕದ ಇನ್ನೊಂದು ಜಾತಿ ಕೆಂಗಂದು ಬಣ್ಣದ್ದು. ಬಾಲ ತಲೆಯಂತೆಯೇ ಮೊಂಡಾಗಿರುವುದರಿಂದ ಎರಡು ತಲೆ ಹಾವು ಎನಿಸಿಕೊಂಡಿದೆ. ಗಡಿಯಾಚೆಯ ಮರಾಠಿಯಲ್ಲಿ ಇದೇ ಮಾಂಡೂಳ. ಮನೆಯಲ್ಲಿಟ್ಟರೆ ಸಂಪತ್ತು ಬರುತ್ತದೆ ಎಂಬ ಸುಳ್ಳು ಹಬ್ಬಿಸಿ ಇದನ್ನು ಲಕ್ಷಾಂತರ ರೂಪಾಯಿಗೆ ಮಾರುವ ಜಾಲಗಳಿವೆ. ಪೊಲೀಸರು ಹಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬಡಪಾಯಿ ಹಾವು ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿ ಹಿಡಿಯುವುದಷ್ಟೇ ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಹಾವು ನೋಡಲು ರಾತ್ರಿ ಹೊರಟವರಿಗೂ ಇದೇ ಕಾಯಿದೆ ಅನ್ವಯಿಸುತ್ತದೆ. ನೋಡಬೇಕು, ಫೋಟೋ ತೆಗೆಯಬೇಕು, ಅದರ ಪಾಡಿಗೆ ಬಿಡಬೇಕು.

ಕಟ್ಟುಹಾವು ಎಲ್ಲಕ್ಕಿಂತ ಗುಟ್ಟಿನದು. ಕರಿನೀಲಿ ಮೈಗೆ ತೆಳ್ಳನೆಯ ಬಿಳಿ ಪಟ್ಟಿ. ಪೂರ್ತಿ ರಾತ್ರಿಯ ಪ್ರಾಣಿ. ಬೇರೆ ಹಾವುಗಳನ್ನೂ ತಿನ್ನುತ್ತದೆ. ತೋಟದ ವಸ್ತಿಯಲ್ಲಿ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಬಾವು ಇಲ್ಲ, ನೋವು ಇಲ್ಲದಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಹಾವಿನ ಕಡಿತವೆಂದೇ ಶಂಕಿಸಬೇಕು. ಮಂಚ ಸಿಗದಿದ್ದರೂ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿ ಮಲಗಿದರೆ ಈ ಹಾವಿನಿಂದ ದೊಡ್ಡ ರಕ್ಷಣೆ.

ಬಬಲೇಶ್ವರದ ಆಚೆ ಮಮದಾಪುರದ ಕೆರೆ ಇದೆ, ಮುಹಮ್ಮದ್ ಆದಿಲ್‌ಶಾಹನ ಕಾಲದ್ದು. ನೀರಿನಂಚಿನಲ್ಲಿ ನೀರೊಳ್ಳೆಗಳು ಮೀನು, ಕಪ್ಪೆಗೆ ಹೊಂಚು ಹಾಕುತ್ತವೆ. ಬಾಯಿ ಜೋರು, ವಿಷದ ಭಯ ಇಲ್ಲ.

ಒಣನೆಲದ ಈ ಹಾವುಗಳ ಮಾತು ಬಂದಾಗ ಕಡಿತದ ಅಂಕಿಗಳನ್ನು ಬದಿಗಿಡಲು ಬರುವುದಿಲ್ಲ. 2020ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ತಡವಾಗಿಯಾದರೂ ಆದ ಒಳ್ಳೆಯ ಕೆಲಸ.

ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ತಯಾರಾದದ್ದು. ಅದಕ್ಕೆ ಬೇಕಾದ ವಿಷ ಬಹಳ ಕಾಲದಿಂದ ಬರುತ್ತಿರುವುದು ಮುಖ್ಯವಾಗಿ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ರಾಜಸ್ಥಾನದ ಗರಗಸ ಮಂಡಲ ಬೇರೆಯೇ ಉಪಜಾತಿ; ಅದರ ಕಡಿತಕ್ಕೆ ಈಗಿನ ಪ್ರತಿವಿಷ ಸಾಲುತ್ತಿಲ್ಲ ಎಂದು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಯಾವ ಸೀಮೆಯಲ್ಲಿ ಯಾವ ಹಾವು, ಅದರ ವಿಷ ಎಂಥದು ಎಂಬ ವಿವರ ಊರೂರಿನಿಂದ ಸೇರಬೇಕಾದದ್ದು ಈ ಕಾರಣಕ್ಕೆ.

ಇಷ್ಟಾದರೂ ಇಂದು ಹಾವು ಕಡಿತಕ್ಕೆ ಮದ್ದು ಎಂದರೆ ಪ್ರತಿವಿಷ ಮಾತ್ರ. ಹಳ್ಳಿಯಲ್ಲಿ ‘ಹುಳ ಮುಟ್ಟೇತಿ’ ಎಂಬ ಕೂಗು ಬಿದ್ದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸಲು ಓಡುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಸರಕಾರಿ ಆಸ್ಪತ್ರೆ ಸೇರಬೇಕು; ಅಲ್ಲಿ ಪ್ರತಿವಿಷಕ್ಕೆ ಹಣ ಕೊಡಬೇಕಿಲ್ಲ.

ಹಾವು ಹುಡುಕುವವರಿಗೆ ದಾರಿ ತೋರುವ ಡಾಂಬರು ಹಾವುಗಳನ್ನು ಕೊಲ್ಲುತ್ತಲೂ ಇದೆ. ಕಾವಿಗೋ ಬೇಟೆಗೋ ರಸ್ತೆಗೆ ಬಂದದ್ದು ಕಬ್ಬಿನ ಟ್ರ್ಯಾಕ್ಟರಿಗೆ, ಬಸ್ಸಿಗೆ ಸಿಕ್ಕು ಸಾಯುತ್ತದೆ. ಮಿರಗದ ನಂತರದ ವಾರಗಳಲ್ಲಿ ತಿಕೋಟಾ, ಬಬಲೇಶ್ವರದ ರಸ್ತೆಗಳಲ್ಲಿ ರಾತ್ರಿ ಓಡಾಡುವವರು ಗಾಡಿಯ ವೇಗ ತುಸು ತಗ್ಗಿಸಲಿ. ಸತ್ತ ಹಾವು ಕಂಡರೆ ಕೈಯಿಂದ ಮುಟ್ಟದೆ, ಫೋನಿನಲ್ಲಿ ಫೋಟೋ ತೆಗೆದು, ದಿನಾಂಕ, ಜಾಗ, ಸುತ್ತಲಿನದು ಎರೆಯೋ ಮಡ್ಡಿಯೋ ಎಂಬುದನ್ನು ಸೇರಿಸಿ ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕಲಿ. ಕ್ಲಾಬರ್ ಕೂಡ ಸತ್ತ ಹಾವುಗಳನ್ನು ಲೆಕ್ಕದಿಂದ ಬಿಡಲಿಲ್ಲ. ವಿಜಯಪುರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರು ಈ ಕೆಲಸವನ್ನು ಬರುವ ಮಳೆಗಾಲದಿಂದಲೇ ಶುರು ಮಾಡಬಹುದು.